ಪುಟ್ಟಿಯ ಪ್ರಶ್ನೆಗೆ ದೊಡ್ಡಪ್ಪನ ಉತ್ತರ

ಪುಟ್ಟೀ, ನಿನ್ನ ಮೆಸೇಜು ಈಗ ನೋಡಿದೆ. ಮಣ್ಣಿನ ತಲೆ ಅರ್ಧ ಆಗಿದೆ, ಕಂಪ್ಯೂಟರಿನ ನಡೆಯುವ ಹುಡುಗನೂ ಅರ್ಧ ಆಗಿದ್ದಾನೆ, ಈಗಲೇ ನಾಲ್ಕು ಜನಕ್ಕೆ ತೋರಿಸಲಾ, ಮುಗಿಸಿ ತೋರಿಸಲಾ, ನಕ್ಕರೆ ಏನು ಮಾಡಲಿ ಅಂತ ಕೇಳಿದ್ದೀಯ. ನಗಲಿ ಬಿಡು. ಹಸಿ ಇದ್ದಾಗಲೇ ತೋರಿಸು.

ನಾನು ನಮ್ಮಣ್ಣನ ತಲೆ ಮಾಡಿದ್ದು ಗೊತ್ತಲ್ಲ? ಎರಡು ತಿಂಗಳು ಕೂತು ಮಾಡಿದೆ. ಯಾರಾದರೂ ರೂಮಿಗೆ ಬಂದರೆ ಅದರ ಮೇಲೆ ಬಕೆಟ್ ಬೋರಲು ಹಾಕುತ್ತಿದ್ದೆ. ಮುಗಿದ ಮೇಲೆ ಎಲ್ಲರನ್ನೂ ಬೆರಗು ಮಾಡೋಣ ಅಂತ. ಒಣಗಿಸಿ, ಗೂಡಲ್ಲಿ ಸುಟ್ಟು ತಂದು ಮೇಜಿನ ಮೇಲೆ ಇಟ್ಟೆ. ನಿಮ್ಮ ಅತ್ತೆ ಒಂದು ಗಳಿಗೆ ನೋಡಿ, "ಹಣೆ ಎಲ್ಲಿ ಹೋಯ್ತು?" ಅಂದಳು. ಅಷ್ಟೇ. ಸ್ಕೇಲ್ ಹಿಡಿದು ನೋಡಿದೆ. ನೆತ್ತಿಯಿಂದ ಕಣ್ಣಿಗೆ 7 ಸೆಂಟಿಮೀಟರ್, ಕಣ್ಣಿನಿಂದ ಗಲ್ಲಕ್ಕೆ 11. ಕಣ್ಣು ಇರುವುದು ತಲೆಯ ಸರೀ ಮಧ್ಯದಲ್ಲಿ. ಕೂದಲು ಮುಚ್ಚಿಕೊಂಡಿರುತ್ತದೆ ನೋಡು, ಅದಕ್ಕೇ ಹೊಸಬರೆಲ್ಲ ಕಣ್ಣನ್ನು ಮೇಲಕ್ಕೆ ಇಡುತ್ತಾರೆ. ಹಸಿ ಇದ್ದಿದ್ದರೆ ಹತ್ತು ನಿಮಿಷದ ಕೆಲಸ. 600 ಡಿಗ್ರಿ ದಾಟಿದ ಮಣ್ಣನ್ನು ವಾರಗಟ್ಟಲೆ ನೆನೆಸಿದರೂ ಮತ್ತೆ ಕೆಸರಾಗುವುದಿಲ್ಲ. ಆ ತಲೆ ಈಗ ಬಾಗಿಲಿಗೆ ಒತ್ತಾಗಿ ಕೂತಿದೆ. ಅದಕ್ಕೇ ಹೇಳುವುದು, ಹಸಿ ಇದ್ದಾಗಲೇ ತೋರಿಸು.

ಆದರೆ ನಮ್ಮ ಮನೆಯವರ ಈ ಗ್ರೂಪಿನಲ್ಲಿ ಮಾತ್ರ ಬೇಡ. ಬುದ್ಧಿ ಕಲಿತು, ಆಮೇಲೆ ಮಾಡಿದ ಕುಳಿತ ಮುದುಕನನ್ನು ಹಸಿ ಇದ್ದಾಗಲೇ ಇಲ್ಲಿ ಹಾಕಿದೆ. "ಏನು ತಪ್ಪಿದೆ ಹೇಳಿ" ಅಂತ ಬರೆದೂ ಬರೆದೆ. ಹದಿನಾಲ್ಕು ಜನ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು. ಮೂವರು "ಸೂಪರ್". ಆ ಮುದುಕನಿಗೆ ಎರಡೂ ಎಡಗೈ ಇತ್ತು! ಒಬ್ಬರೂ ಹೇಳಲಿಲ್ಲ. ನೀವೆಲ್ಲ ಕಳಿಸಿದ್ದೂ ಹೆಬ್ಬೆರಳು, ತಪ್ಪಿದ್ದೂ ಹೆಬ್ಬೆರಳಲ್ಲೇ. ನೋಡಿಯೇ ಇಲ್ಲ ಅಂತ ಆಯ್ತಲ್ವಾ? ಮರುದಿನ ಯಾರೋ ಹೊಸ ಫೋನಿನ ಫೋಟೊ ಹಾಕಿದರೆ ಸಂಜೆವರೆಗೂ ಚರ್ಚೆ. ಯಾರು ಅಂತ ನಾನು ಹೇಳುವುದಿಲ್ಲ, ಅವರಿಗೇ ಗೊತ್ತು.

ಅಯ್ಯೋ, ನೀನು ಕೇಳಿದ್ದು ಬಿಟ್ಟೇ ಹೋಯ್ತು. ಕೇಳು. ಮಣ್ಣಿನ ಕೆಲಸ ಮಾಡುವವರ ಹತ್ತಿರ ಕೇಳು. ಮುಂದೆ, ಹಿಂದೆ, ಎರಡು ಪಕ್ಕ, ನಾಲ್ಕೂ ಕಡೆಯಿಂದ ಫೋಟೊ ತೆಗೆ. ಫ್ಲ್ಯಾಶ್ ಬೇಡ, ಉಬ್ಬುತಗ್ಗು ಎಲ್ಲ ಚಪ್ಪಟೆ ಕಾಣುತ್ತದೆ. ದೀಪ ಒಂದೇ ಪಕ್ಕದಿಂದ ಬೀಳಲಿ. "ಹೇಗಿದೆ" ಅಂತ ಕೇಳಬೇಡ, "ದವಡೆ ಸರಿಯಾ" ಅಂತ ಕೇಳು. ಅನಿಮೇಷನ್ನಿಗೂ ಅದೇ. ಬಣ್ಣ, ಬಟ್ಟೆ, ಕೂದಲು ಆಮೇಲೆ. ಹಿಮ್ಮಡಿ ಊರುವುದು, ಮೈ ಕುಸಿಯುವುದು, ಕಾಲು ದಾಟುವುದು, ಮೈ ಏಳುವುದು, ಈ ನಾಲ್ಕು ಭಂಗಿ ಇಟ್ಟು ತೋರಿಸು. ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ ಇದ್ದರೆ, ಮಾಮೂಲಿ ನಡಿಗೆಯ ಒಂದು ಹೆಜ್ಜೆಗೆ 12 ಸಾಕು. ಸ್ಕ್ರೀನ್‌ಶಾಟ್ ಕಳಿಸಬೇಡ, ನಡಿಗೆ ಫೋಟೊದಲ್ಲಿ ಕಾಣುವುದಿಲ್ಲ. ಮುಗಿದ ಕೂಡಲೇ ಮತ್ತೆ ಮೊದಲಿಂದ ಓಡುವ ವಿಡಿಯೊ ಕಳಿಸು.

ಮತ್ತೆ, ಉತ್ತರ ಬರುವವರೆಗೆ ತಲೆಯನ್ನು ಸುಮ್ನೆ ಬಿಟ್ಟಿರಬೇಡ. ಕಿವಿ, ಮೂಗಿನ ತುದಿ ಮೊದಲು ಒಣಗಿ ಬಿರುಕು ಬಿಡುತ್ತವೆ. ಅಲ್ಲಿಗೆ ಒದ್ದೆ ಬಟ್ಟೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಕವರ್ ಹಾಕು. ಬಕೆಟ್ ಬೇಡ.