ದೇವರ ಚಿತ್ತವನ್ನು ತಿಳಿಯುವುದು ಹೇಗೆ: ಜರ್ಮನಿಯ ಕೆಲಸವೋ, ತಂದೆಯ ಆರೈಕೆಯೋ?

ಪ್ರಶ್ನೆ – ಸ್ಟಾಫ್ ನರ್ಸ್, ಹುಬ್ಬಳ್ಳಿ

ಕರ್ತನಲ್ಲಿ ಎಲ್ಲರಿಗೂ ವಂದನೆಗಳು. ನಾನು ಜರ್ಮನ್ ಭಾಷೆಯ ಬಿ1 (ಮಧ್ಯಮ ಮಟ್ಟದ) ಪರೀಕ್ಷೆ ಮುಗಿಸಿದ್ದೇನೆ. ಅಲ್ಲಿನ ಆಸ್ಪತ್ರೆಯೊಂದರಿಂದ ಕೆಲಸಕ್ಕೆ ಕರೆ ಬಂದಿದೆ. ತಂದೆಯವರಿಗೆ ಕಳೆದ ವರ್ಷ ಲಕ್ವ ಹೊಡೆದು ಬಲಭಾಗ ಸ್ವಾಧೀನದಲ್ಲಿಲ್ಲ, ಅವರನ್ನು ಎತ್ತಿ ಕೂರಿಸುವುದು ತಾಯಿಯೊಬ್ಬರಿಂದ ಆಗುವ ಕೆಲಸವಲ್ಲ. ತಮ್ಮನ ಓದು ಮುಗಿದಿಲ್ಲ, ಮನೆಯ ಮೇಲೆ ಸಾಲವಿದೆ. ಪ್ರಾರ್ಥಿಸಿ ಸತ್ಯವೇದವನ್ನು ತೆರೆದಾಗ, ಸ್ವದೇಶವನ್ನೂ ತಂದೆಯ ಮನೆಯನ್ನೂ ಬಿಟ್ಟು ಹೊರಡು ಎಂದು ದೇವರು ಅಬ್ರಾಮನಿಗೆ ಹೇಳಿದ ಆದಿಕಾಂಡ 12ನೆಯ ಅಧ್ಯಾಯ ಸಿಕ್ಕಿತು. ಆದರೆ ಹೊಸ ವರ್ಷದ ಆರಾಧನೆಯಲ್ಲಿ ನನ್ನ ಕೈಗೆ ಬಂದ ವಾಗ್ದಾನದ ಕಾರ್ಡಿನಲ್ಲಿ (ಸತ್ಯವೇದದ ಒಂದು ವಚನ ಬರೆದ ಚೀಟಿಯಲ್ಲಿ) ಇದ್ದುದು, ದೇಶದಲ್ಲಿ ವಾಸವಾಗಿದ್ದು ಒಳ್ಳೆಯದನ್ನು ಮಾಡು ಎನ್ನುವ 37ನೆಯ ಕೀರ್ತನೆಯ ವಚನ. ದೇವರು ಬಾಗಿಲು ತೆರೆದಿದ್ದಾನೆ, ಹಿಂಜರಿಯಬೇಡ ಎಂದು ಸಭೆಯಲ್ಲಿ ಕೆಲವರು ಹೇಳುತ್ತಾರೆ. ಯಾವುದನ್ನು ದೇವರ ಮಾತೆಂದು ತೆಗೆದುಕೊಳ್ಳಲಿ?

ಉತ್ತರ – ನಿವೃತ್ತ ಸಭಾಪಾಲಕ, ಧಾರವಾಡ

ಮಗಳೇ, ನಿನಗೆ ಸಿಕ್ಕಿದ ಎರಡು ವಚನಗಳೂ ದೇವರ ವಾಕ್ಯವೇ. ಆದರೆ ಅವು ಜರ್ಮನಿಯ ಕೆಲಸದ ಬಗ್ಗೆ ಹೇಳಿದ ಮಾತುಗಳಲ್ಲ. ಇಸ್ರಾಯೇಲ್ಯರ ನಾಯಕನಾದ ಗಿದ್ಯೋನನು ಕುರಿಯ ಉಣ್ಣೆಯನ್ನು ಹಾಸಿ ಗುರುತು ಕೇಳಿದ್ದನ್ನು ಅನೇಕರು ಮಾದರಿಯೆಂದು ಭಾವಿಸುತ್ತಾರೆ. ನ್ಯಾಯಸ್ಥಾಪಕರು 6ನೆಯ ಅಧ್ಯಾಯವನ್ನು ಮೊದಲಿನಿಂದ ಓದಿದರೆ, ಯುದ್ಧಕ್ಕೆ ಹೋಗಬೇಕೆಂಬ ಆಜ್ಞೆ ಅವನಿಗೆ ಆಗಲೇ ಸಿಕ್ಕಿತ್ತೆಂಬುದು ಕಾಣುತ್ತದೆ. ಉಣ್ಣೆಯನ್ನು ಹಾಸಿದ್ದು ಅವನ ಸಂದೇಹ. ಯಾಕೋಬನು ತನ್ನ ಪತ್ರಿಕೆಯ ಆರಂಭದಲ್ಲಿ ದೇವರಿಂದ ಬೇಡಿಕೊಳ್ಳಲು ಹೇಳುವುದು ಜ್ಞಾನವನ್ನು, ಗುರುತನ್ನಲ್ಲ.

ತೆರೆದ ಬಾಗಿಲಿನ ವಿಷಯದಲ್ಲಿ ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 2:12-13ನ್ನು ಓದು. ತ್ರೋವದಲ್ಲಿ ಸುವಾರ್ತೆಗೆ ಬಾಗಿಲು ತೆರೆದಿತ್ತು, ಅದನ್ನು ತೆರೆದವನು ಕರ್ತನೇ ಎಂದು ಪೌಲನೇ ಹೇಳುತ್ತಾನೆ. ಆದರೂ ಸಹೋದರನಾದ ತೀತನು ಅಲ್ಲಿ ಸಿಕ್ಕದೆ ಮನಸ್ಸಿಗೆ ನೆಮ್ಮದಿಯಿಲ್ಲದ್ದರಿಂದ ಅವನು ಆ ಊರನ್ನು ಬಿಟ್ಟು ಮಕೆದೋನ್ಯಕ್ಕೆ ಹೊರಟುಹೋದನು. ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಒಳಗೆ ಹೋಗಲೇಬೇಕೆಂಬ ಆಜ್ಞೆಯಿಲ್ಲ.

ಮಾರ್ಕ 7ರಲ್ಲಿ, ತಂದೆತಾಯಿಗೆ ಸಲ್ಲಬೇಕಾದದ್ದನ್ನು ಕೊರ್ಬಾನ್ (ದೇವರಿಗೆ ಅರ್ಪಿಸಿದ ಕಾಣಿಕೆ) ಎಂದು ದೇವರ ಹೆಸರಿಗೆ ಬರೆದು ಹೊಣೆ ತಪ್ಪಿಸಿಕೊಂಡವರನ್ನು ಯೇಸು ಗದರಿಸುತ್ತಾನೆ. ಹಾಗೆಂದು ನೀನು ಹೋಗಲೇಬಾರದು ಎಂದು ನಾನು ಹೇಳುತ್ತಿಲ್ಲ, ಏಕೆಂದರೆ ಸಾಲ ತೀರಿಸುವುದೂ ತಮ್ಮನನ್ನು ಓದಿಸುವುದೂ ಆರೈಕೆಯೇ. ಹೋದರೂ ಉಳಿದರೂ ಅದು ನಿನ್ನ ನಿರ್ಣಯವೆಂದು ಒಪ್ಪಿಕೊಂಡು ದೇವರ ಮುಂದೆ ಇಡು. ಇನ್ನೊಂದು ಮಾತು: ತಾಯಿ, ತಮ್ಮ, ಸಭೆ ಎಲ್ಲರ ವಿಷಯವನ್ನೂ ಬರೆದಿದ್ದೀಯಲ್ಲ, ತಂದೆಯವರನ್ನು ಯಾರಾದರೂ ಕೇಳಿದ್ದೀರಾ?

ಉತ್ತರ – ಶಿಕ್ಷಕಿ, ಮಂಗಳೂರು

ನಾನು ಕಥೋಲಿಕಳು. 1880ರಲ್ಲಿ ಇಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದ ಯೇಸುಸಭೆಯ ಗುರುಗಳಿಂದ ನಮ್ಮೂರಿನ ಅನೇಕರು ಕಲಿತಿರುವ ಒಂದು ಕ್ರಮವನ್ನು ಹೇಳುತ್ತೇನೆ. 1521ರಲ್ಲಿ ಸ್ಪೇನಿನ ಪಾಂಪ್ಲೋನದ ಕಾಳಗದಲ್ಲಿ ಕಾಲು ಮುರಿದು ಮಲಗಿದ್ದ, ಮುಂದೆ ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೋಲ, ಯಾವ ಯೋಚನೆ ಮನಸ್ಸಿಗೆ ಕ್ಷಣಿಕ ಸುಖ ಕೊಟ್ಟು ಆಮೇಲೆ ಬರಿದು ಮಾಡುತ್ತದೆ, ಯಾವುದು ನಂತರವೂ ಶಾಂತಿಯನ್ನು ಉಳಿಸುತ್ತದೆ ಎಂಬುದನ್ನು ಗಮನಿಸುತ್ತ ಹೋದರು. 1548ರಲ್ಲಿ ಮುದ್ರಣಗೊಂಡ ಅವರ 'ಆಧ್ಯಾತ್ಮಿಕ ಸಾಧನೆಗಳು' ಎಂಬ ಕೈಪಿಡಿಯಲ್ಲಿ ಈ ಅನುಭವವೇ ನಿಯಮಗಳ ರೂಪ ಪಡೆದಿದೆ.

ಮೊದಲು, ಎರಡು ದಾರಿಗಳಲ್ಲಿ ಯಾವುದಕ್ಕೂ ವಾಲದ ಸಮಚಿತ್ತಕ್ಕಾಗಿ ಪ್ರಾರ್ಥಿಸಬೇಕು. ನನ್ನ ಅನುಭವದಲ್ಲಿ ಇದೇ ಅತ್ಯಂತ ಕಠಿಣ. ಬಳಿಕ ಹೋದರೆ ಆಗುವ ಒಳಿತು ಕೆಡುಕುಗಳನ್ನೂ, ಹೋಗದಿದ್ದರೆ ಆಗುವ ಒಳಿತು ಕೆಡುಕುಗಳನ್ನೂ ಬೇರೆಬೇರೆಯಾಗಿ ತೂಗಿ ನೋಡಬೇಕು. ನೀವು ಎಂದೂ ಕಾಣದ ಒಬ್ಬರು ಇದೇ ಪರಿಸ್ಥಿತಿಯಲ್ಲಿ ಸಲಹೆ ಕೇಳಿದರೆ ಏನು ಹೇಳುತ್ತಿದ್ದಿರಿ, ನಿಮ್ಮ ಮರಣದ ಹೊತ್ತಿನಲ್ಲಿ ಯಾವ ಆಯ್ಕೆ ಮಾಡಿದ್ದರೆ ಒಳ್ಳೆಯದಿತ್ತು ಎನಿಸೀತು ಎಂದೂ ಕೇಳಿಕೊಳ್ಳಿ ಎನ್ನುತ್ತಾರೆ ಸಂತರು. ನಿರ್ಣಯವಾದ ಮೇಲೆ ಅದನ್ನು ದೇವರಿಗೆ ಒಪ್ಪಿಸಿ, ಆತನು ಅದನ್ನು ದೃಢಪಡಿಸಲಿ ಎಂದು ಬೇಡಬೇಕು. ಮನಸ್ಸು ಕುಗ್ಗಿ ಪ್ರಾರ್ಥನೆಯೂ ಒಣಗಿದಂತಿರುವ ದಿನಗಳಲ್ಲಿ ಮಾತ್ರ, ಮೊದಲು ಮಾಡಿದ ನಿರ್ಣಯವನ್ನು ಬದಲಿಸಬಾರದು. ರಾತ್ರಿಪಾಳಿ ಮುಗಿಸಿ ದಣಿದು ಬಂದ ಬೆಳಿಗ್ಗೆ ಇಂಥದ್ದನ್ನು ತೀರ್ಮಾನಿಸಬೇಡಿ, ತಂಗಿ.

ಉತ್ತರ – ನರ್ಸ್, ಜರ್ಮನಿ

ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಲೂಕ 14ರಲ್ಲಿ ಯೇಸು ಕೇಳುತ್ತಾನೆ. ಆ ಲೆಕ್ಕಕ್ಕೆ ಬೇಕಾದ ಕೆಲವು ಸಂಗತಿಗಳಿವು. ಬಿ1ರೊಂದಿಗೆ ಬಂದವರು ಸಾಮಾನ್ಯವಾಗಿ ಮೊದಲು ಸಹಾಯಕರಾಗಿ ದುಡಿಯುತ್ತಾರೆ. ನಮ್ಮ ಪದವಿಗೆ ಪೂರ್ಣ ಮಾನ್ಯತೆ ಸಿಗುವವರೆಗೆ, ಅಂದರೆ ಬಿ1ರ ಮುಂದಿನ ಬಿ2 ಭಾಷಾಮಟ್ಟ ಮತ್ತು ಹೊಂದಾಣಿಕೆಯ ತರಬೇತಿ ಇಲ್ಲವೇ ಪರೀಕ್ಷೆ ಮುಗಿಯುವವರೆಗೆ, ಸಂಬಳ ಕಡಿಮೆ. ಆದ್ದರಿಂದ ಮೊದಲ ತಿಂಗಳಿನಿಂದಲೇ ಸಾಲ ತೀರುತ್ತದೆ ಎಂದು ಎಣಿಸಬೇಡಿ. ಅವಧಿಗೆ ಮುನ್ನ ಕೆಲಸ ಬಿಟ್ಟರೆ ಹಣ ಮರಳಿಸಬೇಕೆಂಬ ಷರತ್ತು ಕರಾರಿನಲ್ಲಿದೆಯೇ ಎಂದು ನೋಡಿ. 2024ರ ಮಾರ್ಚ್ 1ರಂದು ಅಥವಾ ಅದರ ನಂತರ ಮೊದಲ ಬಾರಿಗೆ ವಾಸದ ಪರವಾನಗಿ ಪಡೆದ ಕುಶಲ ನೌಕರರು ತಂದೆತಾಯಿಯನ್ನು ಕರೆತರಲು ಕಾನೂನಿನಲ್ಲಿ ಅವಕಾಶವಿದ್ದರೂ, ಅವರ ಜೀವನೋಪಾಯಕ್ಕೂ ಆರೋಗ್ಯ ವಿಮೆಗೂ ಪುರಾವೆ ಕೊಡಬೇಕು; ಲಕ್ವ ಹೊಡೆದವರಿಗೆ ವಿಮೆ ಸಿಗುವುದು ಬಹಳ ಕಷ್ಟ. ಏಜೆಂಟರು ನೋಂದಾಯಿತರೇ ಎಂಬುದನ್ನು ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಪರೀಕ್ಷಿಸಿ. ಭಾರತದ ವಲಸೆ ನಿಯಮಗಳ ಪ್ರಕಾರ ಅವರು ಪಡೆಯಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಮಾತ್ರ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಪಾಸ್ಟರ್, ತಂದೆಯವರ ಮಾತು ಅಸ್ಪಷ್ಟವಾಗಿರುವುದರಿಂದ ಮನೆಯಲ್ಲಿ ಯಾರೂ ಅವರನ್ನು ಕೇಳಿರಲಿಲ್ಲ. ಈ ಭಾನುವಾರ ಆರಾಧನೆ ಮುಗಿದ ಮೇಲೆ ಅವರ ಪಕ್ಕದಲ್ಲಿ ಕುಳಿತು, ಅವಸರ ಮಾಡದೆ ಕೇಳುತ್ತೇನೆ. ಬಿ2 ಪರೀಕ್ಷೆಯನ್ನು ಇಲ್ಲಿಯೇ ಮುಗಿಸಿ, ತಮ್ಮನ ಓದು ಮುಗಿಯುವ ಹೊತ್ತಿಗೆ ಹೋಗಲು ಸಾಧ್ಯವೇ?

ಉತ್ತರ – ನರ್ಸ್, ಜರ್ಮನಿ

ಸಾಧ್ಯ. ಜರ್ಮನ್ ಭಾಷೆ ಕಲಿಸುವ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಬಿ2 ಪರೀಕ್ಷೆ ನಡೆಯುತ್ತದೆ. ಸೇರುವ ದಿನವನ್ನು ಮುಂದೂಡಬಹುದೇ ಎಂದು ಆಸ್ಪತ್ರೆಯವರಿಗೆ ಈಗಲೇ ಲಿಖಿತವಾಗಿ ಕೇಳಿ, ಉತ್ತರ ಬರುವವರೆಗೆ ಕರಾರಿಗೆ ಸಹಿ ಹಾಕಬೇಡಿ.