ಹೊಸ ಸ್ಪೋರ್ಟ್ಸ್ ಬೈಕ್: 650 ಕಿ.ಮೀ. ಆದರೂ ನ್ಯೂಟ್ರಲ್ ಸಿಗುತ್ತಿಲ್ಲ, ಚೈನ್ ಕಡೆಯಿಂದ ಪೆಟ್ಟಿನ ಸದ್ದು

ಪ್ರಶ್ನೆ – ಬದಿಯಡ್ಕದಿಂದ

ಎಲ್ಲರಿಗೂ ನಮಸ್ಕಾರ. ಮೂರು ವಾರಗಳ ಹಿಂದೆ ಹೊಸ ಸ್ಪೋರ್ಟ್ಸ್ ಬೈಕ್ ಕೊಂಡಿದ್ದೇನೆ. ಇನ್ನೂರು ಸಿಸಿಗೆ ಒಳಗಿನ, ಒಂದೇ ಸಿಲಿಂಡರಿನ, ರೇಡಿಯೇಟರ್ ಇರುವ, ಆರು ಗೇರಿನ ಗಾಡಿ. ಹದಿನಾಲ್ಕು ವರ್ಷ ನೂರು ಸಿಸಿಯ ಹಳೆಯ ಬೈಕನ್ನೇ ಓಡಿಸಿಕೊಂಡು ಬಂದವನಾದ್ದರಿಂದ ಈ ಬಗೆಯ ಗಾಡಿಯ ಗುಣ ನನಗೆ ಹೊಸದು. ದಿನಾ ನೀರ್ಚಾಲು, ಸೀತಾಂಗೋಳಿ ದಾರಿಯಾಗಿ ಕುಂಬಳೆಯ ಶಾಲೆಗೆ ಹೋಗಿ ಬರುತ್ತೇನೆ. ಒಂದು ಭಾನುವಾರ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಂಗಳೂರಿಗೂ ಹೋಗಿ ಬಂದೆ.

ಮೊದಲ ಸಾವಿರ ಕಿಲೋಮೀಟರ್ ಐವತ್ತರ ವೇಗ ದಾಟಬಾರದು ಎಂದು ಗಾಡಿ ಕೊಡುವಾಗ ಹೇಳಿದ್ದರು. ಅದನ್ನು ಅಕ್ಷರಶಃ ಪಾಲಿಸಿದ್ದೇನೆ. ಆದಷ್ಟು ಬೇಗ ಮೇಲಿನ ಗೇರಿಗೆ ಹಾಕಿ, ನಲವತ್ತೈದರಲ್ಲಿ ಆರನೇ ಗೇರಿನಲ್ಲೇ ಹೋಗುತ್ತೇನೆ. ಹೀಗಿದ್ದರೂ ಮೂರು ತೊಂದರೆಗಳು ಕಾಣಿಸಿಕೊಂಡಿವೆ. ಗಾಡಿ ನಿಂತಮೇಲೆ ನ್ಯೂಟ್ರಲ್ ಬೀಳುವುದೇ ಇಲ್ಲ; ಒಂದರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಹಾರುತ್ತದೆ. ಆಕ್ಸಿಲರೇಟರ್ ಬಿಟ್ಟು ಮತ್ತೆ ಕೊಟ್ಟಾಗ ಹಿಂದಿನಿಂದ 'ಟಕ್' ಎಂದು ಪೆಟ್ಟು ಬಿದ್ದ ಸದ್ದು ಕೇಳುತ್ತದೆ. ಸೀತಾಂಗೋಳಿಯ ಏರಿನಲ್ಲಿ ಪೆಟ್ರೋಲ್ ಟ್ಯಾಂಕಿನವರೆಗೆ ನಡುಕ ಬರುತ್ತದೆ. ಹೊಸ ಎಂಜಿನ್ ಹಾಳಾಗುತ್ತಿದೆಯೇ ಎಂಬ ಭಯ ಹುಟ್ಟಿದೆ. ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ – ಉಪ್ಪಳದಿಂದ

ಮಾಷ್ಟ್ರೇ, ಭಯಪಡಬೇಡಿ. ಇಪ್ಪತ್ತು ವರ್ಷಗಳಿಂದ ವರ್ಕ್‌ಶಾಪ್ ನಡೆಸುತ್ತಿದ್ದೇನೆ; ನೀವು ಹೇಳಿದ ಮೂರೂ ಲಕ್ಷಣಗಳು ಕೆಟ್ಟ ಎಂಜಿನಿನವು ಎಂದು ನನಗೆ ಅನಿಸುವುದಿಲ್ಲ. ಆದರೆ ಊಹೆಯ ಮೇಲೆ ಔಷಧ ಹೇಳುವುದು ಸರಿಯಲ್ಲ. ಮೊದಲು ನಾಲ್ಕು ವಿಷಯ ನೋಡಿ ತಿಳಿಸಿ. ಎಂಜಿನ್ ಬಿಸಿಯಾದಾಗ ಸಮತಟ್ಟಾದ ಜಾಗದಲ್ಲಿ ಒಂದನೇ ಗೇರ್ ಹಾಕಿ ಕ್ಲಚ್ ಪೂರ್ತಿ ಹಿಡಿದರೆ ಗಾಡಿ ತಾನಾಗಿ ಮುಂದಕ್ಕೆ ತೆವಳುತ್ತದೆಯೇ? ಕ್ಲಚ್ ಲಿವರಿನ ತುದಿ ಬಿಗಿ ಸಿಗುವ ಮೊದಲು ಎಷ್ಟು ಮಿಲಿಮೀಟರ್ ಸಡಿಲವಾಗಿ ಆಡುತ್ತದೆ? ಚೈನಿನ ಕೆಳಭಾಗವನ್ನು ನಡುಮಧ್ಯದಲ್ಲಿ ಬೆರಳಿನಿಂದ ಮೇಲೆ ಕೆಳಗೆ ಆಡಿಸಿದರೆ ಒಟ್ಟು ಎಷ್ಟು ಚಲಿಸುತ್ತದೆ? ಆರನೇ ಗೇರಿನಲ್ಲಿ ನಲವತ್ತೈದರ ವೇಗದಲ್ಲಿ ಹೋಗುವಾಗ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಎಷ್ಟು ತೋರಿಸುತ್ತದೆ? ಚೈನನ್ನು ಎಂಜಿನ್ ಆಫ್ ಮಾಡಿ, ನ್ಯೂಟ್ರಲಿನಲ್ಲಿಟ್ಟು, ಚಕ್ರವನ್ನು ಕೈಯಿಂದ ತಿರುಗಿಸುತ್ತಾ ನಾಲ್ಕೈದು ಕಡೆ ಅಳೆಯಿರಿ. ಎಂಜಿನ್ ಓಡುತ್ತಿರುವಾಗ ಚೈನಿನ ಹತ್ತಿರ ಬೆರಳು ಒಯ್ಯಲೇಬಾರದು.

ಪ್ರಶ್ನೆ ಕೇಳಿದವರು – ಬದಿಯಡ್ಕ

ಅಣ್ಣ, ಇವತ್ತು ಸಂಜೆ ಅಂಗಳದಲ್ಲಿ ನಿಲ್ಲಿಸಿ ಶಾಲೆಯ ಮರದ ಸ್ಕೇಲಿನಿಂದಲೇ ಅಳೆದೆ. ಒಂದನೇ ಗೇರಿನಲ್ಲಿ ಕ್ಲಚ್ ಹಿಡಿದರೂ ಗಾಡಿ ಮೆಲ್ಲಗೆ ಮುಂದಕ್ಕೆ ನೂಕುತ್ತದೆ. ಬ್ರೇಕ್ ಹಿಡಿದೇ ಇರಬೇಕು. ಲಿವರಿನ ತುದಿಯ ಸಡಿಲ 28 ಮಿ.ಮೀ. ಇದೆ. ಚೈನ್ ಹೆಚ್ಚಿನ ಕಡೆ 48 ಮಿ.ಮೀ., ಒಂದು ಕಡೆ ಮಾತ್ರ 43 ಮಿ.ಮೀ. ಆಡುತ್ತದೆ. ಸ್ವಿಂಗ್‌ಆರ್ಮಿನ (ಹಿಂಚಕ್ರವನ್ನು ಹಿಡಿದಿರುವ ತೋಳಿನ) ಮೇಲೆ ಅಂಟಿಸಿರುವ ಚೀಟಿಯಲ್ಲಿ 25ರಿಂದ 35 ಎಂದು ಬರೆದಿರುವುದನ್ನು ಇವತ್ತೇ ಮೊದಲ ಬಾರಿಗೆ ಓದಿದೆ. ಆರ್‌ಪಿಎಂ 3,300ರ ಆಸುಪಾಸಿನಲ್ಲಿ ಇರುತ್ತದೆ.

ಉತ್ತರ – ಉಪ್ಪಳದಿಂದ

ಇಷ್ಟು ಅಚ್ಚುಕಟ್ಟಾಗಿ ಅಳೆದು ಹೇಳಿದ್ದರಿಂದ ಕೆಲಸ ಸುಲಭವಾಯಿತು. ಮೂರು ತೊಂದರೆಗಳಿಗೂ ಮೂರು ಬೇರೆ ಬೇರೆ ಕಾರಣಗಳಿವೆ.

ನ್ಯೂಟ್ರಲ್ ಸಿಗದಿರುವುದಕ್ಕೆ ಕಾರಣ ಗೇರ್‌ಬಾಕ್ಸ್ ಅಲ್ಲ, ಕ್ಲಚ್ ಕೇಬಲ್. ಹೊಸ ಕೇಬಲ್ ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ತನ್ನ ಹೊದಿಕೆಯೊಳಗೆ ಕುಳಿತುಕೊಳ್ಳುವಾಗ ಸ್ವಲ್ಪ ಸಡಿಲವಾಗುವುದು ಸಹಜ. ಹೆಚ್ಚಿನ ಗಾಡಿಗಳಲ್ಲಿ ಲಿವರಿನ ತುದಿಯಲ್ಲಿ 10ರಿಂದ 15 ಮಿ.ಮೀ. ಸಡಿಲ ಇದ್ದರೆ ಸಾಕು. ನಿಮ್ಮದು 28 ಇರುವುದರಿಂದ ಲಿವರನ್ನು ಹ್ಯಾಂಡಲಿಗೆ ತಾಗುವವರೆಗೆ ಎಳೆದರೂ ಕ್ಲಚ್ ಪ್ಲೇಟುಗಳು ಪೂರ್ತಿ ಬಿಟ್ಟುಕೊಳ್ಳುವುದಿಲ್ಲ. ಎಂಜಿನಿನ ತಿರುಗುಬಲ ಗೇರ್‌ಬಾಕ್ಸಿಗೆ ಸ್ವಲ್ಪ ಹರಿಯುತ್ತಲೇ ಇರುತ್ತದೆ. ಗಾಡಿ ತೆವಳುವುದೂ, ಒತ್ತಡದಲ್ಲಿ ಸಿಕ್ಕಿದ ಗೇರಿನ ಹಲ್ಲುಗಳು ನ್ಯೂಟ್ರಲಿಗೆ ಜಾರಲು ಒಪ್ಪದಿರುವುದೂ ಅದರಿಂದಲೇ. ಲಿವರಿನ ಬುಡದ ರಬ್ಬರನ್ನು ಹಿಂದಕ್ಕೆ ಸರಿಸಿದರೆ ಒಂದು ಅಡ್ಜಸ್ಟರ್ ಮತ್ತು ಅದನ್ನು ಬಿಗಿಹಿಡಿಯುವ ಉಂಗುರದಂತಹ ನಟ್ ಕಾಣುತ್ತದೆ. ಉಂಗುರವನ್ನು ಸಡಿಲಿಸಿ, ಅಡ್ಜಸ್ಟರನ್ನು ಹೊರಮುಖವಾಗಿ ಅರ್ಧರ್ಧ ಸುತ್ತು ತಿರುಗಿಸುತ್ತಾ ಸಡಿಲವನ್ನು 12 ಮಿ.ಮೀ.ಗೆ ತಂದು ಮತ್ತೆ ಉಂಗುರ ಬಿಗಿಮಾಡಿ. ಸಡಿಲವನ್ನು ಪೂರ್ತಿ ತೆಗೆದುಬಿಡಬೇಡಿ. ಹಾಗೆ ಮಾಡಿದರೆ ಕ್ಲಚ್ ಸದಾ ಅರೆ ಹಿಡಿದ ಸ್ಥಿತಿಯಲ್ಲಿದ್ದು ಪ್ಲೇಟುಗಳು ಸವೆಯುತ್ತವೆ. ಗಾಡಿ ಪೂರ್ತಿ ನಿಲ್ಲುವ ಮೊದಲು, ಇನ್ನೂ ಮೆಲ್ಲಗೆ ಉರುಳುತ್ತಿರುವಾಗಲೇ ಎರಡನೇ ಗೇರಿನಿಂದ ನ್ಯೂಟ್ರಲಿಗೆ ತರುವ ಅಭ್ಯಾಸ ಮಾಡಿಕೊಳ್ಳಿ. ಹೊಸ ಗೇರ್‌ಬಾಕ್ಸಿನಲ್ಲಿ ಅದು ಹೆಚ್ಚು ಸುಲಭ.

'ಟಕ್' ಸದ್ದು ಚೈನಿನದು. ಹೊಸ ಚೈನ್ ಮೊದಮೊದಲು ಬೇಗ ಉದ್ದವಾಗುತ್ತದೆ. ಗಾಡಿ ಕೊಡುವ ಮುಂಚೆ ಅದನ್ನು ಸರಿಯಾಗಿ ಹೊಂದಿಸಿರಲಿಲ್ಲ ಎಂಬ ಅನುಮಾನವೂ ನನಗಿದೆ. ಬಿಗಿ ಮಾಡುವಾಗ, ಎಲ್ಲಿ ಅತಿ ಕಡಿಮೆ ಆಡುತ್ತದೆಯೋ ಆ ಜಾಗವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಅಂದರೆ ನಿಮ್ಮ ಚೈನಿನಲ್ಲಿ ಈಗ 43 ಇರುವ ಕಡೆಯನ್ನು. ಸವಾರ ಕುಳಿತಾಗ ಸ್ವಿಂಗ್‌ಆರ್ಮ್ ಮೇಲೇರಿ ಚೈನ್ ಇನ್ನಷ್ಟು ಬಿಗಿಯಾಗುತ್ತದೆ. ಅತಿ ಬಿಗಿಯಾದ ಚೈನ್ ಗೇರ್‌ಬಾಕ್ಸಿನ ಬೇರಿಂಗನ್ನು ತಿನ್ನುತ್ತದೆ. ಸಡಿಲ ಚೈನಿಗಿಂತ ನಾನು ಬಿಗಿ ಚೈನಿಗೇ ಹೆಚ್ಚು ಹೆದರುತ್ತೇನೆ. ಬಿಗಿ ಮಾಡುವಾಗ ಸ್ವಿಂಗ್‌ಆರ್ಮಿನ ಎರಡೂ ಬದಿಯ ಗುರುತುಗಳು ಸಮನಾಗಿರದಿದ್ದರೆ ಹಿಂಚಕ್ರ ಓರೆಯಾಗುತ್ತದೆ. ಆಕ್ಸಲ್ ನಟ್ಟನ್ನು ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿ ಮಾಡಲು ಟಾರ್ಕ್ ರೆಂಚ್ ಬೇಕು. ಆದ್ದರಿಂದ ಈ ಕೆಲಸವನ್ನು ಸರ್ವಿಸಿನಲ್ಲಿ, ನಿಮ್ಮ ಕಣ್ಣೆದುರಿಗೆ ಮಾಡಿಸಿ. ಮೊದಲ ಸರ್ವಿಸಿನವರೆಗೆ ಕಾಯಬೇಡಿ, ಈ ವಾರವೇ ಹೋಗಿ.

ಇನ್ನು ನಡುಕದ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ನಮ್ಮ ಕಡೆ ಹೊಸ ಗಾಡಿ ತೆಗೆದುಕೊಂಡ ಹತ್ತರಲ್ಲಿ ಎಂಟು ಮಂದಿ ನಿಮ್ಮಂತೆಯೇ ಎಂಜಿನಿಗೆ ಒಳ್ಳೆಯದಾಗಲಿ ಎಂದುಕೊಂಡು ಅದಕ್ಕೆ ಹಿಂಸೆ ಕೊಡುವುದನ್ನು ನೋಡಿದ್ದೇನೆ. ವೇಗ ಬೇರೆ, ಎಂಜಿನಿನ ಮೇಲಿನ ಭಾರ ಬೇರೆ. ಹತ್ತು ಸಾವಿರ ಆರ್‌ಪಿಎಂ ಸುತ್ತಮುತ್ತ ಪೂರ್ತಿ ಶಕ್ತಿ ಕೊಡುವಂತೆ ರೂಪಿಸಿದ ಎಂಜಿನನ್ನು 3,300ರಲ್ಲಿ, ಆರನೇ ಗೇರಿನಲ್ಲಿ, ಏರಿನಲ್ಲಿ ಆಕ್ಸಿಲರೇಟರ್ ತಿರುಚಿ ಎಳೆಸಿದರೆ ಪ್ರತಿಯೊಂದು ಸ್ಫೋಟವೂ ಪಿಸ್ಟನ್, ಕ್ರ್ಯಾಂಕ್ ಮತ್ತು ಚೈನಿನ ಮೇಲೆ ಬಿಡಿ ಬಿಡಿ ಗುದ್ದಾಗಿ ಬೀಳುತ್ತದೆ. ಟ್ಯಾಂಕಿನವರೆಗೆ ಬರುವ ನಡುಕ ಅದೇ. ಅದೇ ಏರನ್ನು ಮೂರನೇ ಗೇರಿನಲ್ಲಿ 5,500ರಲ್ಲಿ ಹತ್ತಿ ನೋಡಿ. ಸದ್ದು ಹೆಚ್ಚಾಗುತ್ತದೆ, ಎಂಜಿನಿನ ಕಷ್ಟ ಕಡಿಮೆಯಾಗುತ್ತದೆ.

ಎಂಜಿನ್ ಪಳಗುವುದು ಎಂದರೆ ಒಳಗೆ ನಡೆಯುವುದೇನು? ಸಿಲಿಂಡರಿನ ಒಳಗೋಡೆ ಕನ್ನಡಿಯಂತೆ ನುಣುಪಾಗಿರುವುದಿಲ್ಲ. ಅದರ ಮೇಲೆ ಒಂದನ್ನೊಂದು ಕತ್ತರಿಸುವ ಬಹಳ ಸಣ್ಣ ಗೆರೆಗಳನ್ನು ಬೇಕೆಂದೇ ಕೊರೆದಿರುತ್ತಾರೆ. ಉಳಿಪೆಟ್ಟು ಹಾಕಿಸಿ ತಂದ ಅರೆಯುವ ಕಲ್ಲನ್ನು ನೆನಪಿಸಿಕೊಳ್ಳಿ. ಮೊದಲ ಕೆಲವು ಬಾರಿ ಅರೆಯುವಾಗ ಅದರ ಚೂಪು ತುದಿಗಳು ಸವೆದು, ಗುಂಡುಕಲ್ಲೂ ಅದೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಗುಳಿಗಳು ಹಾಗೆಯೇ ಉಳಿಯುತ್ತವೆ. ಪಿಸ್ಟನ್ ರಿಂಗುಗಳೂ ಗೋಡೆಯೂ ಇದೇ ರೀತಿ ಹೊಂದಿಕೊಳ್ಳಬೇಕು. ಗೆರೆಗಳ ತಗ್ಗಿನಲ್ಲಿ ನಿಲ್ಲುವ ಎಣ್ಣೆಯೇ ಮುಂದೆ ಅವನ್ನು ಕಾಪಾಡುತ್ತದೆ. ರಿಂಗನ್ನು ಗೋಡೆಗೆ ಗಟ್ಟಿಯಾಗಿ ಒತ್ತುವುದು ಅದರ ಸ್ವಂತ ಬಿಗಿತಕ್ಕಿಂತ ಹೆಚ್ಚಾಗಿ ಉರಿಯುವ ಅನಿಲದ ಒತ್ತಡ. ತೀರಾ ಹಗುರವಾಗಿ, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಿದರೆ ಆ ಒತ್ತಡವೇ ಸಿಗುವುದಿಲ್ಲ. ರಿಂಗು ಕುಳಿತುಕೊಳ್ಳುವ ಮೊದಲೇ ಎಣ್ಣೆ ಸುಟ್ಟು ಗೋಡೆಯ ಮೇಲೆ ಮೆರುಗಿನ ಪದರವಾಗಿ ಕಟ್ಟಬಹುದು.

ಆದ್ದರಿಂದ ಉಳಿದ 350 ಕಿ.ಮೀ.ನಲ್ಲಿ ಐವತ್ತು ಎಂಬ ಸಂಖ್ಯೆಯನ್ನು ಮರೆತು ಆರ್‌ಪಿಎಂ ಮುಳ್ಳನ್ನು ನೋಡಿ. ಕೈಪಿಡಿಯಲ್ಲಿ ಕೊಟ್ಟಿರುವ ಮಿತಿಯನ್ನು ದಾಟದೆ, 4,000ಕ್ಕಿಂತ ಕೆಳಗೆ ಎಳೆಸದೆ, ಗೇರ್ ಬದಲಿಸುತ್ತಾ ಏರಿಸಿ, ಇಳಿಸಿ ಓಡಿಸಿ. ಆಕ್ಸಿಲರೇಟರನ್ನು ಅರ್ಧದಷ್ಟು ಕೊಟ್ಟು ವೇಗ ಹೆಚ್ಚಿಸಿ, ಆಮೇಲೆ ಬಿಟ್ಟು ಎಂಜಿನ್ ಬ್ರೇಕಿನಲ್ಲೇ ಇಳಿಯಲು ಬಿಡಿ. ಇದಕ್ಕೆ ಹೆದ್ದಾರಿ ಒಳ್ಳೆಯ ಜಾಗವಲ್ಲ. ಮುಳ್ಳೇರಿಯದಿಂದ ಆದೂರು ದಾಟಿ ಜಾಲ್ಸೂರಿಗೆ ಹೋಗುವ ಏರಿಳಿತದ, ತಿರುವಿನ ರಸ್ತೆಯಲ್ಲಿ ಬೆಳಗ್ಗೆ ಬೇಗ ಒಮ್ಮೆ ಹೋಗಿ ಬನ್ನಿ. ಕೈಯೂ ಕಾಲೂ ಎಂಜಿನೂ ಒಟ್ಟಿಗೆ ಕಲಿಯುತ್ತವೆ. ಚಳಿಯಲ್ಲಿ ಸ್ಟಾರ್ಟ್ ಮಾಡಿದ ಕೂಡಲೇ ರೇಸ್ ಮಾಡಬೇಡಿ. ಅರ್ಧ ನಿಮಿಷ ಬಿಟ್ಟು, ಮೊದಲ ಎರಡು ಮೂರು ಕಿಲೋಮೀಟರ್ ಮೆಲ್ಲಗೆ ಹೋದರೆ ಸಾಕು.

ಇನ್ನೊಬ್ಬರ ಮಾತು – ಮಂಜೇಶ್ವರದಿಂದ

ಉಪ್ಪಳದ ಅಣ್ಣನವರ ಮಾತಿಗೆ ಒಂದು ಪ್ರಶ್ನೆ ಸೇರಿಸುತ್ತೇನೆ. ಮೊದಲ ದಿನವೇ ಪೂರ್ತಿ ಆಕ್ಸಿಲರೇಟರ್ ಕೊಟ್ಟು ಓಡಿಸಿದರೆ ರಿಂಗು ಚೆನ್ನಾಗಿ ಕುಳಿತುಕೊಳ್ಳುತ್ತದೆ ಎಂದು ವಾದಿಸುವವರು ಬಹಳ ಮಂದಿ ಇದ್ದಾರೆ. ಒತ್ತಡ ಬೇಕು ಎಂಬ ನಿಮ್ಮ ವಿವರಣೆಯೂ ಅದಕ್ಕೇ ಹತ್ತಿರವಾಗಿದೆಯಲ್ಲವೇ?

ಉತ್ತರ – ಉಪ್ಪಳದಿಂದ

ಆ ವಾದದಲ್ಲಿ ಅರ್ಧ ಸತ್ಯ ಇದೆ. ಆದರೆ ಎಂಜಿನಿನಲ್ಲಿ ಪಳಗಬೇಕಾದದ್ದು ರಿಂಗು ಒಂದೇ ಅಲ್ಲ. ಗೇರುಗಳ ಹಲ್ಲು, ಕ್ಯಾಮ್, ಬೇರಿಂಗು, ಕ್ಲಚ್ ಪ್ಲೇಟು ಎಲ್ಲವೂ ಹೊಂದಿಕೊಳ್ಳಬೇಕು. ಅವುಗಳಿಗೆ ಬೇಕಾದದ್ದು ಬಿಸಿಯಾಗಿ ತಣಿಯುವ, ಮತ್ತೆ ಬಿಸಿಯಾಗುವ ಸಮಾಧಾನದ ಓಟ. ಬ್ರೇಕ್ ಪ್ಯಾಡುಗಳೂ ಮೊದಲ ಕೆಲವು ನೂರು ಕಿಲೋಮೀಟರ್ ಪೂರ್ತಿ ಹಿಡಿತ ಕೊಡುವುದಿಲ್ಲ. ಹೊಸ ಟೈರಿನ ಮೇಲ್ಮೈಯೂ ನುಣುಪಾಗಿರುತ್ತದೆ. ಮೊದಲ ನೂರೈವತ್ತು ಕಿಲೋಮೀಟರಿನಲ್ಲಿ ತಿರುವಿನಲ್ಲಿ ಗಾಡಿಯನ್ನು ಹಂತ ಹಂತವಾಗಿ ಮಾತ್ರ ವಾಲಿಸಬೇಕು. ಮೊದಲ ದಿನವೇ ಹಾರಿಸಿದವನಿಗೆ ಎಂಜಿನ್ ಒಪ್ಪಿದರೂ ಟೈರು ಒಪ್ಪದಿರಬಹುದು. ಕೈಪಿಡಿಯ ಮಿತಿ ಮೀರಿದರೆ ವಾರಂಟಿಯ ಪ್ರಶ್ನೆಯೂ ಬರುತ್ತದೆ.

ಪ್ರಶ್ನೆ ಕೇಳಿದವರು – ಬದಿಯಡ್ಕ, ಎರಡು ವಾರಗಳ ಬಳಿಕ

ಅಣ್ಣ, ನಿಮ್ಮ ಮಾತಿನಂತೆ ಕ್ಲಚ್ಚನ್ನು ಅದೇ ದಿನ 12 ಮಿ.ಮೀ.ಗೆ ತಂದೆ. ಉಂಗುರ ಕೈಬೆರಳಿನಲ್ಲೇ ಸಡಿಲವಾಯಿತು, ಸ್ಪ್ಯಾನರ್ ಬೇಕಾಗಲಿಲ್ಲ. ಮರುದಿನ ಬೆಳಗ್ಗೆ ನೀರ್ಚಾಲಿನಲ್ಲಿ ಬಸ್ಸಿನ ಹಿಂದೆ ನಿಂತಾಗ ಮೊದಲ ಪ್ರಯತ್ನಕ್ಕೇ ನ್ಯೂಟ್ರಲಿನ ಹಸಿರು ದೀಪ ಹತ್ತಿತು. ಚೈನನ್ನು 30ಕ್ಕೆ ಹೊಂದಿಸಿಕೊಟ್ಟಿದ್ದಾರೆ, ಪೆಟ್ಟಿನ ಸದ್ದು ಪೂರ್ತಿ ನಿಂತಿದೆ. ಸೀತಾಂಗೋಳಿಯ ಏರನ್ನು ಈಗ ಮೂರನೇ ಗೇರಿನಲ್ಲಿ ಹತ್ತುತ್ತೇನೆ. ಟ್ಯಾಂಕಿನ ನಡುಕ ಇಲ್ಲ. ಜಾಲ್ಸೂರಿಗೂ ಹೋಗಿ ಬಂದೆ. ಮೊದಲು ಮಣಿಕಟ್ಟು ನೋಯುತ್ತಿತ್ತು. ಮೊಣಕಾಲಿನಿಂದ ಟ್ಯಾಂಕನ್ನು ಹಿಡಿದು ಕೈ ಸಡಿಲ ಬಿಟ್ಟ ಮೇಲೆ ನೋವು ಕಡಿಮೆಯಾಗಿದೆ.

ನಿನ್ನೆ 1,010 ಕಿ.ಮೀ.ನಲ್ಲಿ ಮೊದಲ ಸರ್ವಿಸ್ ಆಯಿತು. ಹಳೆಯ ಎಣ್ಣೆಯನ್ನು ಬಿಸಿಲಿಗೆ ಹಿಡಿದು ನೋಡಿದಾಗ ಬೆಳ್ಳಿಯ ಪುಡಿಯಂತೆ ಬಹಳ ನಯವಾದ ಹೊಳಪು ಕಂಡಿತು. ಇದು ಸರಿಯೇ? ಟ್ರಾಫಿಕ್ಕಿನಲ್ಲಿ ಫ್ಯಾನ್ ತಿರುಗಿ ಕಾಲಿಗೆ ಬಿಸಿಗಾಳಿ ಹೊಡೆಯುವುದೂ ಸಹಜವೇ?

ಉತ್ತರ – ಉಪ್ಪಳದಿಂದ

ಎರಡೂ ಸಹಜ. ಬೆರಳುಗಳ ನಡುವೆ ಉಜ್ಜಿದರೆ ಕೈಗೆ ಸಿಗದಷ್ಟು ನಯವಾದ ಪುಡಿ ಇದ್ದರೆ ಅದು ಪಳಗುವಾಗ ಸವೆದ ಲೋಹ. ಅದನ್ನು ಹೊರಹಾಕಲೆಂದೇ ಮೊದಲ ಎಣ್ಣೆಯನ್ನೂ ಫಿಲ್ಟರನ್ನೂ ಬೇಗ ಬದಲಿಸುವುದು. ಉಗುರಿಗೆ ಸಿಗುವ ಚೂರು ಅಥವಾ ತಗಡಿನಂತಹ ಹಾಳೆ ಕಂಡಿದ್ದರೆ ಮಾತ್ರ ಯೋಚಿಸಬೇಕಿತ್ತು. ಮುಂದೆ ನೀವೇ ಎಣ್ಣೆ ಕೊಳ್ಳುವಾಗ ಡಬ್ಬದ ಮೇಲೆ ಜಾಸೋ ಎಂಎ2 (ಬೈಕಿನ ಕ್ಲಚ್ಚಿಗೆ ಹೊಂದುವ ಎಣ್ಣೆಯ ಗುರುತು) ಎಂದು ಇರುವುದನ್ನು ನೋಡಿ ಕೊಳ್ಳಿ. ಕಾರಿನ ಎಣ್ಣೆ ಹಾಕಿದರೆ ಎಣ್ಣೆಯಲ್ಲೇ ಮುಳುಗಿರುವ ಕ್ಲಚ್ ಜಾರಬಹುದು. ಚೈನನ್ನು 500 ಕಿ.ಮೀ.ಗೊಮ್ಮೆ ಅಳೆದು, ಒರೆಸಿ, ಎಣ್ಣೆ ಹಾಕಿ; ಜೂನಿನಲ್ಲಿ ಮಳೆ ಹಿಡಿದ ಮೇಲೆ ಅಷ್ಟು ದೂರ ಕಾಯದೆ ವಾರಕ್ಕೊಮ್ಮೆ ಹಾಕಿ.