ಡೆಫ್ ಲೆಪರ್ಡ್‌ನ 'ಸ್ಲ್ಯಾಂಗ್': ಆ ಹಿಮ್ಮೇಳ ಎಲ್ಲಿ ಹೋಯಿತು?

ನಾದಾಸಕ್ತ:
ಬ್ರಿಟನ್ನಿನ ರಾಕ್ ತಂಡ ಡೆಫ್ ಲೆಪರ್ಡ್‌ನ 1987ರ 'ಹಿಸ್ಟೀರಿಯಾ' ಮತ್ತು 1992ರ 'ಅಡ್ರೆನಲೈಜ್' ಆಲ್ಬಂಗಳನ್ನು ವರ್ಷಗಳಿಂದ ಕೇಳುತ್ತ ಬಂದಿರುವ ನಾನು 1996ರ 'ಸ್ಲ್ಯಾಂಗ್' ಆಲ್ಬಂ ಅನ್ನು ಈಚೆಗಷ್ಟೇ ಪೂರ್ತಿಯಾಗಿ ಕೇಳಿದೆ. ಪಲ್ಲವಿ ಬಂದೊಡನೆ ಹತ್ತಾರು ಕಂಠಗಳು ಒಟ್ಟಿಗೆ ಎದ್ದುನಿಲ್ಲುವ ಹಿಮ್ಮೇಳವೇ ಈ ತಂಡದ ಗುರುತು ಎಂದು ನಂಬಿದ್ದ ನನಗೆ, ಇಲ್ಲಿ ಗಾಯಕ ಜೋ ಎಲಿಯಟ್ ಅವರ ದನಿ ಒಂಟಿಯಾಗಿ, ಬತ್ತಿಹೋದಂತೆ ಕೇಳಿಸಿತು. ಝಗಮಗಿಸುವ ವೇಷದ, ಅಬ್ಬರದ ರಾಕ್ ಆದ ಗ್ಲಾಮ್ ಮೆಟಲ್‌ನ ಕಾಲ ಮುಗಿದು, ಅಮೆರಿಕದ ಸಿಯಾಟಲ್‌ನಿಂದ ಬಂದ ಒರಟು ನಾದದ ಗ್ರಂಜ್ ತಂಡಗಳು ಮೇಲೆ ಬಂದದ್ದಕ್ಕೆ ಅಂಜಿ ಇವರು ತಮ್ಮತನವನ್ನು ಬಿಟ್ಟುಕೊಟ್ಟರೇ, ಇಲ್ಲವೇ ಬೇರೆ ಕಾರಣವಿದೆಯೇ?

ಹಳೆಯ ಕ್ಯಾಸೆಟ್:
ಗ್ರಂಜ್ ಒಂದು ಕಾರಣ ಹೌದು, ಆದರೆ ಆ ನಾದ ಹುಟ್ಟಿದ್ದು ಹೇಗೆ ಎಂಬುದನ್ನು ಮೊದಲು ನೋಡಬೇಕು. 'ಹಿಸ್ಟೀರಿಯಾ' ಆಲ್ಬಂಗೆ ಹಿಡಿದದ್ದು ಮೂರು ವರ್ಷ. ನಿರ್ಮಾಪಕ ಮಟ್ ಲ್ಯಾಂಗ್ ಅವರು ಗಿಟಾರ್‌ನ ಸ್ವರಗುಚ್ಛವನ್ನು ಕೆಲವೆಡೆ ಒಂದೊಂದೇ ಸ್ವರವಾಗಿ ನುಡಿಸಲು ಹೇಳಿ ಮುದ್ರಿಸಿದರು. ಹಿಮ್ಮೇಳವನ್ನು ಮತ್ತೆ ಮತ್ತೆ ಹಾಡಿಸಿ ಪದರದ ಮೇಲೆ ಪದರ ಕೂಡಿಸಿದರು. 1984ರ ಡಿಸೆಂಬರ್ 31ರ ಕಾರು ಅಪಘಾತದಲ್ಲಿ ಎಡಗೈ ಕಳೆದುಕೊಂಡ ಡ್ರಮ್ ವಾದಕ ರಿಕ್ ಅಲೆನ್ ತಮಗಾಗಿಯೇ ಸಿದ್ಧಪಡಿಸಿದ ಎಲೆಕ್ಟ್ರಾನಿಕ್ ಡ್ರಮ್‌ಗಳೂ ಆ ನಾದದೊಳಗೆ ಬೆರೆತವು. ಐವರು ಒಂದು ಕೋಣೆಯಲ್ಲಿ ಕೂಡಿ ನುಡಿಸಿದರೆ ಅಂಥದ್ದು ಹುಟ್ಟುವುದೇ ಇಲ್ಲ.

'ಸ್ಲ್ಯಾಂಗ್'ನಲ್ಲಿ ಅವರು ಮಾಡಲು ಹೊರಟದ್ದು ಹಾಗೆ ಕೂಡಿ ನುಡಿಸುವುದನ್ನೇ. ಲ್ಯಾಂಗ್ ಇರಲಿಲ್ಲ. ಸ್ಪೇನ್‌ನ ಮಾರ್ಬೆಯಾದಲ್ಲಿ ಬೀಡುಬಿಟ್ಟು, ಪೀಟ್ ವುಡ್‌ರಫ್ ಅವರೊಡನೆ ತಂಡವೇ ನಿರ್ಮಾಣದ ಹೊಣೆ ಹೊತ್ತಿತು. ಅಲೆನ್ ಬಹುಕಾಲದ ನಂತರ ಸಹಜ ಡ್ರಮ್‌ಗಳ ಕಡೆಗೆ ಮರಳಿದರು. 1991ರ ಜನವರಿಯಲ್ಲಿ ತೀರಿಕೊಂಡ ಗಿಟಾರ್ ವಾದಕ ಸ್ಟೀವ್ ಕ್ಲಾರ್ಕ್ ಅವರ ಜಾಗಕ್ಕೆ ಬಂದಿದ್ದ ವಿವಿಯನ್ ಕ್ಯಾಂಪ್‌ಬೆಲ್ ಅವರು 'ವರ್ಕ್ ಇಟ್ ಔಟ್' ಹಾಡನ್ನು ಬರೆದುಕೊಟ್ಟರು. ಆದ್ದರಿಂದ ನಾದ ಕಳೆದುಹೋಯಿತು ಎನ್ನುವುದಕ್ಕಿಂತ, ಕಟ್ಟಿದವರೇ ಅದನ್ನು ಬಿಚ್ಚಿಟ್ಟರು ಎನ್ನುವುದು ಸರಿ. (ಗ್ಲಾಮ್ ಎಂಬ ಹಣೆಪಟ್ಟಿಯನ್ನು ಎಲಿಯಟ್ ಎಂದೂ ಒಪ್ಪಿದವರಲ್ಲ.)

ತಂತಿನಾದ:
ಬಿಚ್ಚಿಟ್ಟರು ಎಂಬುದನ್ನು ಒಪ್ಪುತ್ತೇನೆ, ಬತ್ತಿಹೋಯಿತು ಎಂಬುದನ್ನು ಒಪ್ಪಲಾರೆ. 'ಟರ್ನ್ ಟು ಡಸ್ಟ್' ಹಾಡನ್ನು ಇನ್ನೊಮ್ಮೆ ಕೇಳಿ. ನಮ್ಮ ಹಿಂದೂಸ್ತಾನಿ ಸಂಗೀತದ ಸಾರಂಗಿಯನ್ನು ಅವರು ಅಲಂಕಾರಕ್ಕೆಂದು ಅಂಟಿಸಿಲ್ಲ, ಹಾಡಿನ ಕತ್ತಲೆಯೊಳಗೇ ಇಟ್ಟಿದ್ದಾರೆ. ಆ ಜಾಗದಲ್ಲಿ ಹಳೆಯ ಹಿಮ್ಮೇಳ ಭೋರ್ಗರೆದಿದ್ದರೆ ಸಾರಂಗಿಯ ಎಳೆ ಕೇಳಿಸುತ್ತಲೇ ಇರಲಿಲ್ಲ. 'ಅಡ್ರೆನಲೈಜ್' ಅಮೆರಿಕದ ಜನಪ್ರಿಯ ಆಲ್ಬಂಗಳ ಪಟ್ಟಿಯಲ್ಲಿ ಒಂದನೆಯ ಸ್ಥಾನಕ್ಕೇರಿತ್ತು, 'ಸ್ಲ್ಯಾಂಗ್' 14ರಲ್ಲಿ ನಿಂತಿತು. ಬೆಲೆ ತೆರಬೇಕಾದೀತೆಂದು ತಿಳಿದೇ ಮಾಡಿದ ಕೆಲಸವಿದು ಎಂದು ನನ್ನ ಎಣಿಕೆ, ಅದಕ್ಕಾಗಿಯೇ ನನಗೆ ಈ ಆಲ್ಬಂ ಪ್ರಿಯ. 1999ರ 'ಯುಫೋರಿಯಾ' ಆಲ್ಬಂನಲ್ಲಿ ಅವರು ಹಳೆಯ ದಾರಿಗೆ ಮರಳಿದರು. ಅದರ 'ಪ್ರಾಮಿಸಸ್' ಹಾಡಿನ ರಚನೆಯಲ್ಲಿ ಲ್ಯಾಂಗ್ ಅವರ ಪಾಲೂ ಇದೆ.

ನಾದಾಸಕ್ತ:
ಇಬ್ಬರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು 'ಟರ್ನ್ ಟು ಡಸ್ಟ್' ಮತ್ತು 'ಪ್ರಾಮಿಸಸ್' ಎರಡನ್ನೂ ಬೆನ್ನುಬೆನ್ನಿಗೆ ಕೇಳಿದೆ. ಸಾರಂಗಿ ಇರುವ ಆ ಹಾಡಿನ ವಿಷಯದಲ್ಲಿ 'ಬತ್ತಿಹೋದಂತೆ' ಎಂಬ ನನ್ನ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. 'ಆಲ್ ಐ ವಾಂಟ್ ಈಸ್ ಎವ್ರಿಥಿಂಗ್' ಹಾಡಿಗೂ ಆ ಒಂಟಿ ದನಿಯೇ ತಕ್ಕದ್ದು ಎನಿಸಿತು. ಆದರೆ 'ಸ್ಲ್ಯಾಂಗ್' ಎಂಬ ಶೀರ್ಷಿಕೆಯ ಹಾಡಿನಲ್ಲಿ, ಪಲ್ಲವಿ ಬರುವ ಹೊತ್ತಿಗೆ ನನ್ನ ಕಿವಿ ಈಗಲೂ ಆ ಹತ್ತಾರು ಕಂಠಗಳಿಗಾಗಿ ಕಾಯುತ್ತದೆ.